ಅಂಗೈ ಗಂಟಿಗೂ ಊಟಕ್ಕೂ ಸಂಬಂಧವಿದೆಯೇ?

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ನಾನು ದನಗಳ ಡಾಕ್ಟರು. ಆದರೂ ಈ ದಿನ ಕೆಚ್ಚಲಿನ ವಿಷಯ ಬಿಟ್ಟು, ಹಾಲು ಕರೆಯುವ ನಿಮ್ಮ ಕೈಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ಸಾರ್, ಅಂಗೈಯಲ್ಲಿ ಗಂಟು ಕಟ್ಟಿದೆ, ಬೆರಳು ಮಡಚಿಕೊಳ್ಳುತ್ತಿದೆ. ಮೊಸರು, ಬದನೆಕಾಯಿ ಬಿಟ್ಟರೆ ವಾಸಿಯಾಗುತ್ತದೆಯೇ?" ಎಂದು ಕೇಳುವವರಿದ್ದಾರೆ.

ಅಂಗೈ ಚರ್ಮದ ಕೆಳಗೆ ನಾರಿನಂತಹ ಒಂದು ಪೊರೆ ಇದೆ. ಕೆಲವರಲ್ಲಿ ಅದು ವರ್ಷಗಟ್ಟಲೆ ನಿಧಾನವಾಗಿ ದಪ್ಪವಾಗುತ್ತದೆ. ಮೊದಲು ಸಣ್ಣ ಗಂಟು, ಆಮೇಲೆ ಹುರಿಯಂತಹ ಎಳೆ. ಆ ಎಳೆ ಹೆಚ್ಚಾಗಿ ಉಂಗುರದ ಬೆರಳು, ಕಿರುಬೆರಳನ್ನು ಒಳಕ್ಕೆ ಎಳೆಯುತ್ತದೆ. ನೋವು ಕಡಿಮೆಯಾದ್ದರಿಂದ ಜನ ಉದಾಸೀನ ಮಾಡುತ್ತಾರೆ. ಪ್ಯಾರಿಸ್ಸಿನ ಶಸ್ತ್ರವೈದ್ಯ ಡುಪ್ಯುಟ್ರೆನ್ 1831ರಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ವಿವರಿಸಿದ್ದರಿಂದ ರೋಗಕ್ಕೆ ಅವರ ಹೆಸರೇ ನಿಂತಿದೆ. ಉತ್ತರ ಯುರೋಪಿನವರಲ್ಲಿ ಇದು ಹೆಚ್ಚು, ನಮ್ಮಲ್ಲಿ ಕಡಿಮೆ. ವಂಶಪಾರಂಪರ್ಯದ ಪಾತ್ರ ದೊಡ್ಡದು. 50 ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕಾಣುತ್ತದೆ.

ಕರು ಹಾಕಿದ ಹಸು ಹಾಲುಜ್ವರದಿಂದ ಮಲಗಿದರೆ, ರಕ್ತಕ್ಕೆ ಕ್ಯಾಲ್ಸಿಯಂ ಕೊಟ್ಟೊಡನೆ ಚೇತರಿಸಿಕೊಳ್ಳುವುದನ್ನು ನೀವು ನೋಡಿದ್ದೀರಿ. ಆದರೆ ಎಲ್ಲ ರೋಗದ ಮೂಲವೂ ಗೋದಲಿಯಲ್ಲಿ ಇರುವುದಿಲ್ಲ. ಈ ಗಂಟನ್ನು ಕರಗಿಸುವ ಆಹಾರವಾಗಲಿ, ಪಥ್ಯವಾಗಲಿ ಇದೆಯೆಂದು ಸಾಬೀತಾಗಿಲ್ಲ. ಹಾಲು, ಮೊಸರು ಬಿಟ್ಟರೆ ಗಂಟು ಹಾಗೇ ಇರುತ್ತದೆ, ಮೈಗೆ ಸೇರಬೇಕಾದ ಪೋಷಣೆ ತಪ್ಪುತ್ತದೆ. ಹಾಲು ಕುಡಿದರೆ ವಾಸಿಯಾಗುತ್ತದೆ ಎಂದೂ ನಾನು ಹೇಳುವುದಿಲ್ಲ.

ಹಾಗಾದರೆ ಬಾಯಿಗೂ ಕೈಗೂ ಸಂಬಂಧವೇ ಇಲ್ಲವೇ? ಸುತ್ತು ದಾರಿಯಲ್ಲಿ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಗಂಟು ಹೆಚ್ಚು. ಅವರಲ್ಲಿ ಬೆರಳ ಕೀಲುಗಳೂ ಬಿಗಿಯಾಗಬಹುದು. ನಮಸ್ಕಾರ ಮಾಡಿದರೆ ಎರಡು ಅಂಗೈ ಪೂರ್ತಿ ಕೂಡುವುದಿಲ್ಲ. ಅತಿಯಾದ ಮದ್ಯ, ಬೀಡಿ ಸಿಗರೇಟುಗಳಿಗೂ ನಂಟು ಕಂಡುಬಂದಿದೆ. ಆದ್ದರಿಂದ ಬಿಡಬೇಕಾದ್ದು ಮಜ್ಜಿಗೆಯನ್ನಲ್ಲ, ಹೆಂಡ ಮತ್ತು ಬೀಡಿಯನ್ನು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ವೈದ್ಯರು ಹೇಳಿದಂತೆ ಊಟ, ಔಷಧಿ ಸರಿಪಡಿಸಿಕೊಳ್ಳಿ. ಇದರಿಂದ ಬಾಗಿದ ಬೆರಳು ನೇರವಾಗದಿದ್ದರೂ ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ರಕ್ಷಣೆ ಸಿಗುತ್ತದೆ.

ಕೈಯ ತೊಂದರೆ ಎಲ್ಲವೂ ಇದೇ ಅಲ್ಲ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಮಡಚಿದ ಬೆರಳು 'ಟಕ್' ಎಂದು ಬಿಚ್ಚಿಕೊಂಡರೆ ಅದು ಸ್ನಾಯುರಜ್ಜುವಿನ ತೊಂದರೆ. ಇವುಗಳ ಚಿಕಿತ್ಸೆಯೇ ಬೇರೆ.

ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಅಂಗೈ, ಬೆರಳು ಸಮತಟ್ಟಾಗಿ ಕೂರದಿದ್ದರೆ ಮೂಳೆ ಅಥವಾ ಶಸ್ತ್ರವೈದ್ಯರಿಗೆ ತೋರಿಸಿ. ಜೊತೆಗೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಸೂಜಿಯಿಂದ ಎಳೆ ಬಿಡಿಸುವ ಅಥವಾ ಶಸ್ತ್ರಚಿಕಿತ್ಸೆಯ ಉಪಾಯವಿದೆ. ಮತ್ತೆ ಬರುವ ಸಂಭವವೂ ಉಂಟು. ಬೆರಳು ಪೂರ್ತಿ ಮಡಚಿ ಬಿಗಿದ ಮೇಲೆ ನೇರ ಮಾಡುವುದು ಕಷ್ಟ. ಪಥ್ಯ ಮಾಡುತ್ತಾ ವರ್ಷ ಕಳೆದವರಿಗೆ ಆಗುವ ನಷ್ಟ ಇದೇ.

ಕೊನೆಯದಾಗಿ, ಹೆಬ್ಬೆರಳು ಮಡಚಿ ಹಾಲು ಕರೆಯಬೇಡಿ. ಪೂರ್ಣ ಮುಷ್ಟಿಯಿಂದ ಕರೆಯಿರಿ. ಮೊಲೆತೊಟ್ಟಿಗೂ ಹಿತ, ನಿಮ್ಮ ಬೆರಳಿಗೂ ಹಿತ.