ಕಪ್ಪಿನ ರುಚಿ ಕಲಿತ ಬೆಳೆಗಾರರ ಮಕ್ಕಳು



ಕಾಫಿ ವ್ಯಾಪಾರದಲ್ಲಿ ಬೆಳೆದವರ ಮಾತಿಗಿಂತ ರುಚಿ ನೋಡಿದವರ ಮಾತಿಗೇ ತೂಕ ಹೆಚ್ಚು. ಬೀಜ ಯಾವ ದರ್ಜೆಯದು, ಎಷ್ಟು ಬೆಲೆ ಬಾಳುತ್ತದೆ ಎಂಬುದು ತೀರ್ಮಾನವಾಗುತ್ತಿದ್ದದ್ದು ತೋಟದಿಂದ ಸಾವಿರಾರು ಮೈಲಿ ಆಚೆ, ಯಾವುದೋ ನಗರದ ಮೇಜಿನ ಮೇಲೆ. ಆ ಮೇಜಿನ ಹತ್ತಿರಕ್ಕೆ ವಿದ್ಯಾರ್ಥಿಗಳೂ ಬೆಳೆಗಾರರ ಮಕ್ಕಳೂ ಬಂದದ್ದು ಹೇಗೆ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

1985ರಲ್ಲಿ ಅಮೆರಿಕದ ರೇಗನ್ ಸರ್ಕಾರ ನಿಕರಾಗುವಾದ ಸರಕಿಗೆ ನಿರ್ಬಂಧ ಹಾಕಿತು. ಮರುವರ್ಷವೇ ಮ್ಯಾಸಚೂಸೆಟ್ಸ್‌ನಲ್ಲಿ ಮೂವರು ಸ್ನೇಹಿತರು ‘ಈಕ್ವಲ್ ಎಕ್ಸ್‌ಚೇಂಜ್’ ಎಂಬ ಕಂಪನಿ ಕಟ್ಟಿ, ನಿಕರಾಗುವಾದ ಕಾಫಿಯನ್ನೇ ಮಾರಲು ನಿಂತರು. ಬೇರೆ ದೇಶದಲ್ಲಿ ಹುರಿದ ಬೀಜಕ್ಕೆ ನಿರ್ಬಂಧ ತಾಗುವುದಿಲ್ಲವೆಂದು ಕಾನೂನು ಓದಿ ಕಂಡುಕೊಂಡು, ಹಾಲೆಂಡ್ ಮಾರ್ಗವಾಗಿ ತರಿಸಿದರು. ಆ ಕಂಪನಿಯಲ್ಲಿ ದುಡಿಯುವವರೇ ಅದರ ಒಡೆಯರು. 1988ರಲ್ಲಿ ಹಾಲೆಂಡಿನಲ್ಲಿ, ಬೆಳೆಗಾರರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ, ಅಂದರೆ ನ್ಯಾಯ ವ್ಯಾಪಾರದ ಕಾಫಿಯನ್ನು ಗುರುತಿಸುವ ‘ಮ್ಯಾಕ್ಸ್ ಹಾವೆಲಾರ್’ ಮುದ್ರೆ ಬಂತು. ಅದರ ಹಿಂದಿದ್ದವರು ನಿಕೋ ರೋಜನ್ ಮತ್ತು ಮೆಕ್ಸಿಕೋದ ವಾಹಾಕಾ ಗುಡ್ಡಗಳ ಬೆಳೆಗಾರರ ನಡುವೆ ಬದುಕುತ್ತಿದ್ದ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್. ಆ ಬೆಳೆಗಾರರ ಸಂಘ ಊಸಿರಿ, ಬೀಜ ಮಾರುವುದರ ಜೊತೆಗೆ ರೈತರ ಮಕ್ಕಳಿಗಾಗಿ ಸ್ವಂತ ಶಿಕ್ಷಣ ಕೇಂದ್ರವನ್ನೂ ನಡೆಸಿತು. ನ್ಯಾಯ ವ್ಯಾಪಾರಕ್ಕೂ ಓದಿಗೂ ಗಂಟು ಬಿದ್ದದ್ದು ಹೀಗೆ, ಬೆಳೆಗಾರರ ಕಡೆಯಿಂದಲೇ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಶ್ರೇಯಸ್ಸೆಲ್ಲ ಕೊಳ್ಳುವವರ ಪಾಲಾಗುವುದೇ ಹೆಚ್ಚು.

1989ರಲ್ಲಿ, ಬೆಲೆ ಕುಸಿಯದಂತೆ ಕಾಯುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿತ್ತು. 2001ರ ಹೊತ್ತಿಗೆ ಪೌಂಡ್ ಕಾಫಿಯ ಬೆಲೆ 50 ಸೆಂಟ್‌ಗಿಂತ ಕೆಳಗಿಳಿಯಿತು. ಆಗ ನ್ಯಾಯ ವ್ಯಾಪಾರದ ಕನಿಷ್ಠ ಬೆಲೆ, ಪ್ರೀಮಿಯಂ ಸೇರಿ, 1.26 ಡಾಲರ್. ವ್ಯತ್ಯಾಸ ದೊಡ್ಡದೇ. ಆದರೆ ಆ ಬೆಲೆಗೆ ಕೊಳ್ಳುವವರು ಬೇಕು, ಕೊಳ್ಳುವವರಿಗೆ ಗುಣಮಟ್ಟ ಬೇಕು. ತನ್ನ ಕಾಫಿಯ ರುಚಿಯನ್ನೇ ಅಳೆಯಲು ಬಾರದ ರೈತ ಚೌಕಾಸಿ ಮಾಡುವುದಾದರೂ ಹೇಗೆ?

ಇಲ್ಲೇ ಕ್ಯಾಲಿಫೋರ್ನಿಯಾದ ‘ಥ್ಯಾಂಕ್ಸ್‌ಗಿವಿಂಗ್ ಕಾಫಿ’ ಕಂಪನಿಯ ಪಾಲ್ ಕಾಟ್ಜೆಫ್ ಒಂದು ಹೆಜ್ಜೆ ಇಟ್ಟರು. ಅಮೆರಿಕ ಸರ್ಕಾರದ ನೆರವಿನ ಹಣ ಹೊಂದಿಸಿ, ನಿಕರಾಗುವಾದ ಸಹಕಾರ ಸಂಘಗಳಲ್ಲೇ ಕಪ್ಪಿಂಗ್ ಪ್ರಯೋಗಾಲಯಗಳು ಏಳುವಂತೆ ಮಾಡಿದರು. ಅಲ್ಲಿ ತರಬೇತಿ ಪಡೆದವರಲ್ಲಿ ಬೆಳೆಗಾರರ ಮನೆಯ ಹುಡುಗ ಹುಡುಗಿಯರೂ ಇದ್ದರು. ಕಪ್ಪಿಂಗ್ ಅಂದರೆ ಹೀಗೆ: ಹದವಾಗಿ ಹುರಿದ ಬೀಜವನ್ನು ತರಿತರಿಯಾಗಿ ಪುಡಿಮಾಡಿ, 150 ಮಿಲಿಲೀಟರ್ ನೀರಿಗೆ ಎಂಟು ಗ್ರಾಂ ಚಿಲ್ಲರೆಯಂತೆ ಲೋಟಕ್ಕೆ ಹಾಕಿ, ಬಿಸಿನೀರು ಹೊಯ್ಯಬೇಕು. ನಾಲ್ಕು ನಿಮಿಷ ಬಿಟ್ಟರೆ ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ಮೂಗನ್ನು ಲೋಟದ ಅಂಚಿಗೆ ತಂದು ಚಮಚದಿಂದ ಆ ಕೆನೆ ಒಡೆದಾಗ ಏಳುವ ಘಮದಲ್ಲೇ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಹುದುಗು ಹೆಚ್ಚಾಯಿತೇ, ಬೀಜ ಬೂಷ್ಟು ಹಿಡಿದಿತ್ತೇ, ಒಣಗಿಸಿದ್ದು ಸಾಲದಾಯಿತೇ ಎಂಬುದೆಲ್ಲ. ಆಮೇಲೆ ಸದ್ದು ಬರುವಂತೆ ಸೊರ್ ಎಂದು ಹೀರಿ, ನಾಲಗೆಯ ಮೇಲೆ ಹರಡಿ, ಉಗುಳಿ, ಅಂಕ ಬರೆಯಬೇಕು. ಆ ಅಂಕಪಟ್ಟಿ ಕೈಯಲ್ಲಿದ್ದರೆ ಸಂಘದ ಪ್ರತಿನಿಧಿ ಖರೀದಿದಾರನೆದುರು ತಲೆಯೆತ್ತಿ ಮಾತಾಡಬಹುದು.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಿಂದ ವಿದ್ಯಾರ್ಥಿಗಳು ಮಧ್ಯ ಅಮೆರಿಕದ ಕಾಫಿ ಊರುಗಳಿಗೆ ಹೋಗಿ ಬೆಳೆಗಾರರ ಮನೆಗಳಲ್ಲೇ ಉಳಿದು ಕಲಿಯತೊಡಗಿದರು. ಅವರನ್ನು ಕಳಿಸುತ್ತಿದ್ದ ‘ಕಮ್ಯುನಿಟಿ ಅಗ್ರೋಇಕಾಲಜಿ ನೆಟ್‌ವರ್ಕ್’ ಸಂಸ್ಥೆ ಆ ಊರುಗಳ ಕಾಫಿಯನ್ನು ನೇರವಾಗಿ ಮಾರುತ್ತಲೂ ಇತ್ತು. ಅದೇ ಕ್ಯಾಂಪಸ್ಸಿನ ಸಂಶೋಧಕ ಕ್ರಿಸ್ಟೋಫರ್ ಬೇಕನ್ ನಿಕರಾಗುವಾದ 228 ಬೆಳೆಗಾರರ ನಡುವೆ ಸಮೀಕ್ಷೆ ನಡೆಸಿ 2005ರಲ್ಲಿ ಪ್ರಕಟಿಸಿದರು. ಬರಿಯ ಮಾಮೂಲಿ ಮಾರುಕಟ್ಟೆಗೆ ಮಾರುವವರಲ್ಲಿ ಜಮೀನು ಕೈತಪ್ಪುವ ಭಯ, ನ್ಯಾಯ ವ್ಯಾಪಾರಕ್ಕೆ ಮಾರುವವರಿಗಿಂತ ನಾಲ್ಕು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ತೋಟದ ಮನೆಯ ಜಗಲಿಯಲ್ಲಿ ಕೂತು ಮಾತಾಡದಿದ್ದರೆ ಇಂಥ ಭಯದ ಲೆಕ್ಕ ಸಿಗುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಡುವ ಫೆಲೋಶಿಪ್ ಸಾರ್ಥಕವಾಗುವುದು ಇಂಥ ಕಡೆ ಎಂದು ನಾನು ನಂಬುತ್ತೇನೆ.

ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಿಗೂ ಈ ವಿಚಾರ ದೂರದ್ದಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದೇ. ದಶಕಗಳ ಕಾಲ ಬೆಳೆಗಾರರು ಬೀಜವನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. ದರ್ಜೆ, ರುಚಿ, ಹರಾಜು ಎಲ್ಲ ಮಂಡಳಿಯ ಹೊಣೆ. 1990ರ ದಶಕದ ಮಧ್ಯದಲ್ಲಿ ಪೂಲ್ ಮುಗಿದಾಗ ಸಣ್ಣ ಬೆಳೆಗಾರ ಏಕಾಏಕಿ ಮಾರುಕಟ್ಟೆಯ ಎದುರು ನಿಂತ. ರುಚಿಯ ವಿದ್ಯೆ ಮಾತ್ರ ಅವನ ಮನೆಗೆ ಬಂದಿರಲಿಲ್ಲ. ಈಗ ಮಂಡಳಿಯೇ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ ಕಾಫಿ ಕೊಳ್ಳುವ ‘ಬ್ಲ್ಯಾಕ್ ಬಾಜಾ’ದಂಥ ಕಂಪನಿಗಳೂ ಬೆಂಗಳೂರಿನಲ್ಲಿವೆ.

ಹಾಗಾಗಿ ನಮ್ಮ ಕಾಫಿ ಕಂಪನಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಕಾಫಿಯ ಕಲಿಕೆಗೆ ಫೆಲೋಶಿಪ್ ಕೊಡುವಾಗ ನಗರದ ಕಾಲೇಜಿನವರ ಜೊತೆಗೆ ಲೈನ್ ಮನೆಗಳ ಕೂಲಿಕಾರರ ಮಕ್ಕಳಿಗೂ, ಹಾಡಿಯ ಮಕ್ಕಳಿಗೂ ಅರ್ಜಿ ತಲುಪಲಿ. ಊಟ, ವಸತಿ, ಪ್ರಯಾಣಕ್ಕೆ ಸಾಲುವಷ್ಟು ಹಣ ತಿಂಗಳ ಮೊದಲಲ್ಲೇ ಸಿಗಲಿ. ಕಪ್ಪಿಂಗ್ ಮೇಜಿನ ಜೊತೆ ಲೆಕ್ಕದ ಪುಸ್ತಕವನ್ನೂ ಅವರೆದುರು ತೆರೆದಿಡಲಿ. ರಫ್ತಾದ ಒಂದು ಚೀಲದ ಹಣ ಯಾರ್ಯಾರಿಗೆ ಎಷ್ಟೆಷ್ಟು ಹೋಯಿತು ಎಂಬುದನ್ನು ಅವರೂ ಓದಲಿ.