ಅಮ್ಮನ ಅಡುಗೆಮನೆ, ಗ್ಯಾಸ್ ವಾಸನೆ ಮತ್ತು ನಾನು ಒತ್ತಿದ ಸ್ವಿಚ್ಚು

 

ಸಾಮಾನ್ಯವಾಗಿ ನಾನಿಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಎಸ್‌ಐಪಿ, ಟ್ಯಾಕ್ಸು, ಬಾಡಿಗೆ ಅಗ್ರಿಮೆಂಟು, ಇಂಥವು. ಇವತ್ತಿನ ವಿಷಯ ಗ್ಯಾಸ್ ಒಲೆ. "ಇದೇನಪ್ಪಾ, ಅಡುಗೆ ಶೋ ಶುರು ಮಾಡಿದ್ಲಾ" ಅಂತ ಬಿಟ್ಟು ಹೋಗ್ಬೇಡಿ. ಎರಡು ತಿಂಗಳ ಹಿಂದೆ ನಮ್ಮನೇಲಿ ಒಂದು ಘಟನೆ ಆಯ್ತು. ಅದನ್ನ ಹೇಳ್ಬೇಕು.

ನಮ್ಮೂರು ಶಿವಮೊಗ್ಗ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ ಒಬ್ಬಳೇ ಇರೋದು. ನಾನು ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿದ್ರೆ ಬೆಳಗಿನ ಜಾವ ಊರಲ್ಲಿರ್ತೀನಿ. ಅವತ್ತೂ ಹಾಗೇ. ಜುಲೈ ತಿಂಗಳು, ಜಡಿಮಳೆ, ಮನೆ ಕಿಟಕಿ ಎಲ್ಲಾ ಮುಚ್ಚಿದ್ವು. ಅಮ್ಮ ಬಾಗಿಲು ತೆಗೆದು "ಬಂದ್ಯಾ, ಕಾಲು ತೊಳ್ಕೋ, ಕಾಫಿ ಇಡ್ತೀನಿ" ಅಂದ್ಲು. ಒಳಗೆ ಕಾಲಿಟ್ಟ ತಕ್ಷಣ ನನಗೆ ವಾಸನೆ ಬಡೀತು. ಕೊಳೆತ ಎಲೆಕೋಸಿನ ಥರ, ಆ ಗ್ಯಾಸ್ ವಾಸನೆ.

"ಅಮ್ಮ, ಗ್ಯಾಸ್ ವಾಸನೆ ಬರ್ತಿದೆ" ಅಂದೆ.

"ಹೌದೇನೇ? ನಂಗೇನೂ ಬರ್ತಿಲ್ವಲ್ಲೇ" ಅಂದ್ಲು.

ಅಮ್ಮಂಗೆ 2021ರಲ್ಲಿ ಕೋವಿಡ್ ಆಗಿತ್ತು. ಆಮೇಲೆ ಮೂಗು ಪೂರ್ತಿ ಸರಿಹೋಗ್ಲಿಲ್ಲ. ಒಗ್ಗರಣೆ ಹಾಕಿ "ಇಂಗಿನ ವಾಸನೆ ಬರ್ತಿದೆಯಾ ನೋಡೇ" ಅಂತ ನನ್ನ ಕೇಳೋಳು. ನಾವಿಬ್ಬರೂ ಅದನ್ನ ತಮಾಷೆ ಮಾಡ್ಕೊಂಡಿದ್ವಿ. ಅವತ್ತು ತನಕ.

ಈಗ ನಾನು ಮಾಡಿದ ಕೆಲಸ ಕೇಳಿ. ವಾಸನೆ ಎಲ್ಲಿಂದ ಬರ್ತಿದೆ ನೋಡೋಣ ಅಂತ ಸೀದಾ ಅಡುಗೆಮನೆಗೆ ಹೋದೆ, ಕತ್ತಲಿತ್ತು, ಲೈಟ್ ಸ್ವಿಚ್ ಒತ್ತಿದೆ.

ಏನೂ ಆಗ್ಲಿಲ್ಲ. ಲೈಟ್ ಹತ್ಕೊಳ್ತು, ಅಷ್ಟೇ. ಆದ್ರೆ ಒತ್ತಿದ ಮರುಕ್ಷಣ ನನಗೆ ಗೊತ್ತಾಯ್ತು, ಒತ್ತಬಾರದಿತ್ತು ಅಂತ. ನಿಂತಲ್ಲೇ ಬೆವರಿದೆ. ಸ್ವಿಚ್ ಮುಟ್ಟಬಾರದು ಅಂತ ಶಾಲೆಯಲ್ಲಿದ್ದಾಗಿಂದ ಕೇಳಿದೀನಿ. ಪರೀಕ್ಷೆಯಲ್ಲಿ ಪ್ರಶ್ನೆ ಬಂದಿದ್ರೆ ಸರಿಯಾಗೇ ಬರೀತಿದ್ದೆ. ಕೈಗೆ ಮಾತ್ರ ಅದು ಗೊತ್ತಿರ್ಲಿಲ್ಲ. ಕತ್ತಲೆ ಕಂಡ್ರೆ ಕೈ ತಾನಾಗೇ ಸ್ವಿಚ್‌ಬೋರ್ಡಿಗೆ ಹೋಗುತ್ತೆ.

ನಾನು ಬರೋದು ಐದು ನಿಮಿಷ ತಡ ಆಗಿದ್ರೆ ಅಮ್ಮ ಕಾಫಿಗೆ ಹಾಲಿಡೋಕೆ ಲೈಟರ್ ಒತ್ತಿರ್ತಿದ್ಲು. ಅದನ್ನ ಇವತ್ತಿಗೂ ಜಾಸ್ತಿ ಯೋಚ್ನೆ ಮಾಡೋಕೆ ಹೋಗಲ್ಲ.

ಅಲ್ಲಿ ಆಗಿದ್ದೇನು ಅಂತ ಬಿಡಿಸಿ ಹೇಳ್ತೀನಿ. ನಮ್ಮ ಸಿಲಿಂಡರ್‌ನಲ್ಲಿರೋದು ಎಲ್‌ಪಿಜಿ, ಒತ್ತಡದಲ್ಲಿ ದ್ರವ ಮಾಡಿ ತುಂಬಿಸಿರೋ ಅನಿಲ. ಮನೆಗೆ ಬರೋ ದೊಡ್ಡ ಸಿಲಿಂಡರ್‌ನಲ್ಲಿ 14.2 ಕೆ.ಜಿ. ಇರುತ್ತೆ. ಒಂದು ಲೀಟರ್ ದ್ರವ ಹೊರಗೆ ಬಂದ್ರೆ ಸುಮಾರು 250 ಲೀಟರ್ ಅನಿಲ ಆಗುತ್ತೆ. ಈ ಅನಿಲ ಗಾಳಿಗಿಂತ ಭಾರ. ಹಾಗಾಗಿ ಮೇಲೆ ಹೋಗಲ್ಲ, ನೀರಿನ ಥರ ನೆಲದ ಮೇಲೆ ಹರಡ್ಕೊಂಡು ಮೂಲೆಯಲ್ಲಿ, ಕಟ್ಟೆ ಕೆಳಗಿನ ಕಪಾಟಿನಲ್ಲಿ ತುಂಬ್ಕೊಳ್ಳುತ್ತೆ. ಗಾಳಿಯಲ್ಲಿ ಬರೀ ನೂರಕ್ಕೆ 2ರಷ್ಟು ಸೇರಿದ್ರೂ ಸಾಕು, ಒಂದು ಕಿಡಿ ತಾಗಿದ್ರೆ ಹೊತ್ಕೊಳ್ಳುತ್ತೆ.

ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ನಮಗೆ ಗೊತ್ತಾಗ್ಲಿ ಅಂತಾನೇ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ನಾತದ ರಾಸಾಯನಿಕ ಬೆರೆಸಿರ್ತಾರೆ. ಹೊತ್ಕೊಳ್ಳೋ ಮಟ್ಟದ ಐದನೇ ಒಂದು ಭಾಗ ಇದ್ದಾಗ್ಲೇ ಮೂಗಿಗೆ ಬಡೀಬೇಕು ಅನ್ನೋದು ಲೆಕ್ಕ. ಅಂದ್ರೆ ಈ ಇಡೀ ವ್ಯವಸ್ಥೆ ನಿಂತಿರೋದು ನಮ್ಮ ಮೂಗಿನ ಮೇಲೆ. ಆ ಮೂಗೇ ಕೆಲಸ ಮಾಡ್ದೇ ಇದ್ರೆ? ವಯಸ್ಸಾದೋರಿಗೆ ವಾಸನೆ ಕಡಿಮೆ ಆಗೋದು ಸಾಮಾನ್ಯ. ನೆಗಡಿ ಆದ್ರೆ ನಮಗೂ ಅದೇ ಕಥೆ. ಆರೋಗ್ಯವಾಗಿರೋ ಮೂಗು ಕೂಡ ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತಿದ್ರೆ ಅದಕ್ಕೆ ಒಗ್ಗಿಹೋಗುತ್ತೆ.

ಇನ್ನು ಸ್ವಿಚ್ಚು. ಹಾಕುವಾಗಲೂ ಆರಿಸುವಾಗಲೂ ಒಳಗೆ ಸಣ್ಣ ಕಿಡಿ ಹಾರುತ್ತೆ. ನಮಗದು ಕಾಣಲ್ಲ, ಗ್ಯಾಸಿಗೆ ಅಷ್ಟು ಸಾಕು. ಆದ್ದರಿಂದ ವಾಸನೆ ಬಂದಾಗ ಲೈಟ್ ಹಾಕಬಾರದು, ಉರೀತಿರೋ ಲೈಟ್ ಆರಿಸಲೂಬಾರದು. "ಗ್ಯಾಸ್ ಹೊರಗೆ ಹೋಗ್ಲಿ" ಅಂತ ಎಕ್ಸಾಸ್ಟ್ ಫ್ಯಾನ್ ಹಾಕ್ತಾರೆ ನೋಡಿ, ಅದೂ ತಪ್ಪು. ಫ್ರಿಜ್ಜಂತೂ ಯಾರೂ ಮುಟ್ಟದಿದ್ರೂ ತಾನಾಗೇ ಆನ್ ಆಫ್ ಆಗ್ತಿರುತ್ತೆ. ಅದಕ್ಕೇ ಮೀಟರ್ ಬೋರ್ಡು ಮನೆ ಹೊರಗಿದ್ರೆ ಅಲ್ಲಿಂದ ಮೇನ್ ಸ್ವಿಚ್ ಆಫ್ ಮಾಡ್ಬೇಕು, ಒಳಗಿಂದಲ್ಲ.

ಹಾಗಾದ್ರೆ ಮಾಡ್ಬೇಕಾದ್ದೇನು? ಕ್ರಮವಾಗಿ ಹೇಳ್ತೀನಿ, ಮನಸ್ಸಲ್ಲಿಟ್ಕೊಳ್ಳಿ. ಒಲೆ, ದೇವರ ದೀಪ, ಊದುಬತ್ತಿ ಉರೀತಿದ್ರೆ ಆರಿಸಿ. ರೆಗ್ಯುಲೇಟರ್ ಆಫ್ ಮಾಡಿ. ಬಾಗಿಲು ಕಿಟಕಿ ಎಲ್ಲಾ ತೆಗೀರಿ. ವಾಸನೆ ಸಿಲಿಂಡರಿಂದಲೇ ಬರ್ತಿದ್ರೆ ರೆಗ್ಯುಲೇಟರ್ ಬಿಚ್ಚಿ, ದಾರದಲ್ಲಿ ನೇತಾಡ್ತಿರೋ ಆ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಾಕಿ. ಮನೇಲಿರೋರನ್ನೆಲ್ಲಾ ಕರ್ಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನ್ ತೆಗೀರಿ, ಒಳಗಲ್ಲ. 1906ಕ್ಕೆ ಕಾಲ್ ಮಾಡಿ. ಇದು ಗ್ಯಾಸ್ ಸೋರಿಕೆಗೆ ಅಂತಲೇ ಇರೋ ನಂಬರು, ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರಕ್ಕೂ ಒಂದೇ, ಹಗಲೂ ರಾತ್ರಿ ಇರುತ್ತೆ. ವಾಸನೆ ಜೋರಾಗಿ ಬಂದು ಒಳಗೆ ಹೋಗೋಕೇ ಭಯ ಆದ್ರೆ ಹೋಗ್ಬೇಡಿ. ಜನರನ್ನ ಹೊರಗೆ ಕಳಿಸಿ ನೀವೂ ಹೊರಗೆ ನಿಂತು ಕಾಲ್ ಮಾಡಿ.

ಬೆಂಗಳೂರಲ್ಲಿ ಕೆಲವರ ಮನೆಗೆ ಪೈಪಲ್ಲಿ ಗ್ಯಾಸ್ ಬರುತ್ತೆ. ಅದು ನೈಸರ್ಗಿಕ ಅನಿಲ, ಗಾಳಿಗಿಂತ ಹಗುರ, ಮೇಲೆ ಸೂರಿನ ಕಡೆ ಹೋಗುತ್ತೆ. ನಿಮ್ಮಲ್ಲಿ ಆಫ್ ಮಾಡ್ಬೇಕಾದ್ದು ಮನೆಗೆ ಬರೋ ಪೈಪಿನ ವಾಲ್ವು, ಕಾಲ್ ಮಾಡ್ಬೇಕಾದ್ದು ಬಿಲ್ ಮೇಲಿರೋ ತುರ್ತು ನಂಬರಿಗೆ. ಸ್ವಿಚ್ಚಿನ ನಿಯಮ ಮಾತ್ರ ಇಬ್ಬರಿಗೂ ಒಂದೇ.

ಮತ್ತೆ ನಮ್ಮನೆಗೆ ಬರ್ತೀನಿ. ಸೋರಿದ್ದೆಲ್ಲಿಂದ? ಪೈಪಿಂದ. ಒಲೆಗೆ ಸೇರೋ ತುದೀಲಿ ಬಿಸಿಗೆ ಗಟ್ಟಿಯಾಗಿ ಸಣ್ಣ ಸೀಳು ಬಿಟ್ಟಿತ್ತು. ಅಪ್ಪ ಇದ್ದಾಗ ಹಾಕಿಸಿದ ಪೈಪು, ಯಾವ ವರ್ಷದ್ದು ಅಂತ ಅಮ್ಮಂಗೂ ನೆನಪಿಲ್ಲ. ಅದರ ಮೇಲೆ ಐಎಸ್‌ಐ ಗುರುತೂ ಇರ್ಲಿಲ್ಲ, ದಿನಾಂಕವೂ ಇರ್ಲಿಲ್ಲ.

ಸರಿ, ಪೈಪು ಹಳೇದು. ಆದ್ರೆ ರಾತ್ರಿ ರೆಗ್ಯುಲೇಟರ್ ಆಫ್ ಮಾಡಿದ್ರೆ ಇಷ್ಟು ಗ್ಯಾಸ್ ತುಂಬ್ತಿರ್ಲಿಲ್ಲ. "ಯಾಕಮ್ಮ ಆಫ್ ಮಾಡಲ್ಲ?" ಅಂತ ನಾನು ಕೂಗಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ಲು: "ಮಂಡಿ ನೋವು ಕಣೇ. ಅಲ್ಲಿ ಕೆಳಗೆ ಕೂತು ಕೈ ಹಾಕಿ ತಿರುಗಿಸಿ ಮತ್ತೆ ಎದ್ದೇಳೋಕಾಗಲ್ಲ. ದಿನಾ ಎರಡು ಸಲ ಯಾರು ಮಾಡ್ತಾರೆ?"

ನನ್ನ ಬಾಯಿ ಕಟ್ಟೋಯ್ತು. ಸಿಲಿಂಡರ್ ಇದ್ದಿದ್ದು ಕಟ್ಟೆ ಕೆಳಗೆ, ಕಪಾಟಿನ ಬಾಗಿಲ ಹಿಂದೆ, ಮೂಲೆಗೆ ತಳ್ಳಿ. ಚೆನ್ನಾಗಿ ಕಾಣ್ಲಿ ಅಂತ ಆ ಕಪಾಟು ಮಾಡಿಸಿದ್ದು ನಾನೇ, ನನ್ನ ಮೊದಲನೇ ಸಂಬಳದಲ್ಲಿ.

ನಾನು ಬಿಕಾಂ ಓದಿದೋಳು. ಅಮ್ಮನ ಫೋನ್ ರೀಚಾರ್ಜು, ಮನೆ ಕಂದಾಯ, ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ, ಎಲ್ಲಕ್ಕೂ ನನ್ನ ಫೋನಲ್ಲಿ ರಿಮೈಂಡರ್ ಇದೆ. ದಿನಾ ಅವಳು ಬೆಂಕಿ ಹಚ್ಚೋ ಜಾಗದ ಪೈಪಿಗೆ ಇರ್ಲಿಲ್ಲ. ಅವಳು ಅಸಡ್ಡೆ ಮಾಡ್ತಿರ್ಲಿಲ್ಲ. ಆ ಅಡುಗೆಮನೇಲಿ ಅವಳ ಮಂಡಿಗೆ, ಅವಳ ಮೂಗಿಗೆ ಜಾಗಾನೇ ಇರ್ಲಿಲ್ಲ.

ಆ ವಾರಾಂತ್ಯ ನಾವು ಮಾಡಿದ್ದು ಇಷ್ಟು. ಮೊದಲು ಪೈಪು. ಗ್ಯಾಸ್ ಏಜೆನ್ಸಿಯಲ್ಲಿ 'ಸುರಕ್ಷಾ' ಹೋಸ್ ಅಂತ ಕೊಡ್ತಾರೆ. ಕಿತ್ತಳೆ ಬಣ್ಣ, ಒಳಗೆ ತಂತಿ ಹೆಣೆದಿರುತ್ತೆ, ಐಎಸ್‌ಐ ಗುರುತು, ತಯಾರಾದ ತಿಂಗಳು ವರ್ಷ ಎಲ್ಲಾ ಅಚ್ಚು ಹಾಕಿರುತ್ತೆ. 5 ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ನಡುವೆ ಬಿರುಕು ಕಂಡ್ರೆ ಅವತ್ತೇ. ಹಾಕಿಸಿದ ಮೇಲೆ ಎರಡೂ ತುದಿಗೆ ಸೋಪಿನ ನೀರು ಹಚ್ಚಿ ನೋಡಿದ್ವಿ. ಗುಳ್ಳೆ ಬಂದ್ರೆ ಸೋರಿಕೆ ಇದೆ ಅಂತ ಅರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡೋರು ಇನ್ನೂ ಇದ್ದಾರೆ. ದಯವಿಟ್ಟು ಬೇಡ.

ಎರಡನೇದು ಸಿಲಿಂಡರ್ ಜಾಗ. ಕಪಾಟಿಂದ ಹೊರಗೆ ತಂದು ಕಟ್ಟೆಯ ತುದೀಲಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದ್ವಿ. ನೋಡೋಕೆ ಅಷ್ಟು ಚೆಂದ ಇಲ್ಲ. ಆದ್ರೆ ಅಮ್ಮ ಕುಕ್ಕರುಗಾಲಲ್ಲಿ ಕೂರದೆ, ಸ್ವಲ್ಪ ಬಗ್ಗಿ ರೆಗ್ಯುಲೇಟರ್ ಮುಟ್ತಾಳೆ. ಒಲೆ ಯಾವಾಗ್ಲೂ ಸಿಲಿಂಡರ್‌ಗಿಂತ ಎತ್ತರದಲ್ಲಿರ್ಬೇಕು, ಹಾಗಾಗಿ ಸಿಲಿಂಡರನ್ನ ಸ್ಟೂಲ್ ಮೇಲೆ ಇಡೋ ಉಪಾಯ ಮಾಡ್ಬೇಡಿ. ಕಪಾಟಿನೊಳಗೇ ಇಡ್ಬೇಕಾದ ಮನೆ ಆದ್ರೆ ಬಾಗಿಲಿನ ತಳದಲ್ಲಿ ಗಾಳಿಗೆ ಕಿಂಡಿ ಇರ್ಲಿ, ಗ್ಯಾಸ್ ತಳದಲ್ಲೇ ತಾನೇ ನಿಲ್ಲೋದು.

ಮೂರನೇದು ಅಮ್ಮನ ಮೂಗಿನ ಬದಲು ಒಂದು ಗ್ಯಾಸ್ ಅಲಾರಂ. ಪ್ಲಗ್ಗಿಗೆ ಹಾಕೋದು, ಗ್ಯಾಸ್ ತಾಗಿದ್ರೆ ಕೂಗುತ್ತೆ. ಎಲ್‌ಪಿಜಿಗೆ ಆದ್ರೆ ಇದನ್ನ ನೆಲದಿಂದ ಒಂದಡಿ ಎತ್ತರದಲ್ಲಿ ಹಾಕ್ಬೇಕು. ಮೇಲೆ ಟ್ಯೂಬ್‌ಲೈಟ್ ಪಕ್ಕ ಹಾಕಿದ್ರೆ ಅದು ಕೂಗೋ ಹೊತ್ತಿಗೆ ತಡ ಆಗಿರುತ್ತೆ. ಇದು ಕೂಗಿದಾಗ ಪ್ಲಗ್ ಕೀಳೋಕೆ ಹೋಗ್ಬಾರ್ದು, ಅಲ್ಲೂ ಕಿಡಿ ಹಾರುತ್ತೆ. ಕೂಗ್ತಿರ್ಲಿ, ನೀವು ಹೊರಗೆ ಬನ್ನಿ.

ಹೊಸ ಸಿಲಿಂಡರ್ ಬಂದಾಗ ಇನ್ನೆರಡು ನಿಮಿಷ ಕೊಡಿ. ಮೇಲಿನ ಹಿಡಿಕೆಗೆ ಆಧಾರವಾಗಿರೋ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ ಬರೆದಿರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಡಿ-28 ಅಂತಿದ್ರೆ ಆ ಸಿಲಿಂಡರನ್ನ 2028ರ ಡಿಸೆಂಬರ್ ಒಳಗೆ ಮತ್ತೆ ಪರೀಕ್ಷೆಗೆ ಕಳಿಸ್ಬೇಕು ಅಂತ. ಗ್ಯಾಸ್ ಕೆಟ್ಟುಹೋಗುತ್ತೆ ಅಂತಲ್ಲ. ದಿನಾಂಕ ಮೀರಿದ್ದು ಬಂದ್ರೆ ವಾಪಸ್ ಕಳಿಸಿ. ತಂದವರ ಎದುರಿಗೇ ಸೀಲ್ ತೆಗೆಸಿ, ವಾಲ್ವ್ ಒಳಗಿನ ರಬ್ಬರ್ ರಿಂಗ್ ಸರಿ ಇದೆಯಾ, ಸೋರ್ತಿದೆಯಾ ನೋಡಿ ಕೊಡೋಕೆ ಹೇಳಿ. ತೂಕ ಹಾಕಿ ಅಂತ ಕೇಳೋ ಹಕ್ಕೂ ನಿಮಗಿದೆ.

ಜ್ವಾಲೆ ಕಡೆಗೂ ಕಣ್ಣಿರ್ಲಿ. ಅದು ನೀಲಿ ಇರ್ಬೇಕು. ಹಳದಿಯಾಗಿ ಉರಿದು ಪಾತ್ರೆ ತಳ ಮಸಿ ಹಿಡೀತಿದ್ರೆ ಗ್ಯಾಸ್ ಸರಿಯಾಗಿ ಉರೀತಿಲ್ಲ, ಬರ್ನರ್ ತೂತು ಕಟ್ಕೊಂಡಿರಬಹುದು. ಕ್ಲೀನ್ ಮಾಡಿಸಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕ್ಲೇಬೇಡಿ, ಕಾದ ಎಣ್ಣೆ ಸಿಡಿದು ಬೆಂಕಿ ಮೇಲೇಳುತ್ತೆ. ಬಾಣಲೆ ಎತ್ಕೊಂಡು ಓಡಲೂಬೇಡಿ. ಒಲೆ ಆರಿಸಿ, ಮೇಲೊಂದು ಅಗಲದ ತಟ್ಟೆ ಮುಚ್ಚಿ, ತಣ್ಣಗಾಗೋ ತನಕ ತೆಗೀಬೇಡಿ.

ಕೊನೇದಾಗಿ ನನ್ನ ಸಬ್ಜೆಕ್ಟು, ಇನ್ಶೂರೆನ್ಸು. ಸರ್ಕಾರಿ ತೈಲ ಕಂಪನಿಗಳ ಗ್ಯಾಸ್ ಕನೆಕ್ಷನ್ ಇರೋರಿಗೆಲ್ಲಾ ಒಂದು ವಿಮೆ ಇದೆ, ಪ್ರೀಮಿಯಂ ಕಂಪನಿಗಳೇ ಕಟ್ತವೆ. ಅಪಘಾತದಲ್ಲಿ ಜೀವ ಹೋದ್ರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ ಗರಿಷ್ಠ 2 ಲಕ್ಷ, ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ. ಆಸ್ತಿ ನಷ್ಟಕ್ಕೆ ಕನೆಕ್ಷನ್ ನೋಂದಣಿ ಆಗಿರೋ ವಿಳಾಸದಲ್ಲೇ ಅಪಘಾತ ಆಗಿರ್ಬೇಕು. ಬಾಡಿಗೆ ಮನೆ ಬದಲಾಯಿಸಿ ಅಡ್ರೆಸ್ ಬದಲಾಯಿಸದೇ ಇರೋರು ಇದನ್ನ ಗಮನಿಸಿ. ಏನಾದ್ರೂ ಆದ್ರೆ ಮೊದಲು ಏಜೆನ್ಸಿಗೆ ಬರವಣಿಗೆಯಲ್ಲಿ ತಿಳಿಸ್ಬೇಕು. ಪೈಪು, ರೆಗ್ಯುಲೇಟರ್ ಬಿಲ್ಲುಗಳನ್ನ ಫೋಟೋ ತೆಗೆದಿಟ್ಕೊಳ್ಳಿ.

ನಿಮ್ಮಲ್ಲಿ ಎಷ್ಟೋ ಜನ ನನ್ನ ಥರಾನೇ ಊರು ಬಿಟ್ಟು ಬಂದಿರೋರು. ಮುಂದಿನ ಸಲ ಊರಿಗೆ ಹೋದಾಗ ಅಡುಗೆಮನೇಲಿ ಹತ್ತು ನಿಮಿಷ ನಿಂತ್ಕೊಳ್ಳಿ. ಪೈಪಿನ ಮೇಲಿನ ವರ್ಷ ಓದಿ. ಅಮ್ಮನೋ ಅಜ್ಜಿಯೋ ರೆಗ್ಯುಲೇಟರ್ ಹೇಗೆ ಆಫ್ ಮಾಡ್ತಾರೆ, ಮಾಡಿ ತೋರಿಸೋಕೆ ಹೇಳಿ. ಒಂದು ಊದುಬತ್ತಿ ಹಿಡಿದು ವಾಸನೆ ಬರ್ತಿದೆಯಾ ಕೇಳಿ. 1906 ಅವರ ಫೋನಲ್ಲಿ ಸೇವ್ ಮಾಡ್ಕೊಡಿ.

ನಾನೂ ಒಂದು ಅಭ್ಯಾಸ ಮಾಡ್ಕೊಂಡಿದೀನಿ. ಬೆಂಗಳೂರಲ್ಲಿ ರಾತ್ರಿ ರೂಮಿಗೆ ಬಂದಾಗ ಬಾಗಿಲು ತೆಗೆದು, ಒಂದು ಸಲ ಉಸಿರೆಳೆದು ನೋಡಿ, ಆಮೇಲೆ ಲೈಟ್ ಹಾಕ್ತೀನಿ. ಮೊದಲೆರಡು ವಾರ ಮರೆತುಹೋಗ್ತಿತ್ತು, ಈಗ ಕೈ ತಾನಾಗೇ ಕಾಯುತ್ತೆ.

ಮೊನ್ನೆ ರಾತ್ರಿ ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಮಾತಿನ ಮಧ್ಯೆ 'ಟಕ್' ಅಂತ ಸದ್ದು ಕೇಳಿಸ್ತು. "ಏನಮ್ಮ ಅದು?" ಅಂದೆ.

"ಆಫ್ ಮಾಡಿದೆ ಕಣೇ. ಮಲ್ಕೋ ನೀನು" ಅಂದ್ಲು.