ಕೊಡ್ಲಿಯಿಂದ ಚೈನ್ ಸಾವರೆಗೆ: ನಮ್ಮ ಸೀಮೆಯ ಮರ, ನಮ್ಮ ಹತಾರ

(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಹೇಳಲು ಬೇರೆ ಹಿರಿಯರಿದ್ದಾರೆ. ನಮಗೆ ವಹಿಸಿದ ವಿಷಯ ಮರ ಕಡಿಯುವ ಹತಾರಗಳದು. ‘ನಾವೇನು ದಾಂಡೇಲಿಯವರೇನ್ರಿ?’ ಎಂದು ಯಾರಾದರೂ ನಗಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದರೆ ಎರಿ ಹೊಲ, ಕಬ್ಬು, ಮಗ್ಗ. ಇಲ್ಲಿ ಅಡವಿ ಎಲ್ಲೈತಿ? ಖರೆ. ಆದರೆ ಅಡವಿ ಇಲ್ಲದ ಸೀಮೆಯಲ್ಲೇ ಒಂದೊಂದು ಮರಕ್ಕೂ ಲೆಕ್ಕ ಇರತೈತಿ. ಕಟಿಂಗ್ ಮಷಿನ್ ಕೊಂಡು ಬಾಡಿಗೆಗೆ ಕೊಡಬೇಕೆಂದು ಕೆಲವು ಸದಸ್ಯರು ಸಂಘಕ್ಕೆ ಅರ್ಜಿ ಕೊಟ್ಟಿದ್ದಾರೆ. ಅದಕ್ಕಾಗಿಯೇ ಈ ಮಾತು.

ನಮ್ಮ ಒಕ್ಕಲುತನದ ಬೆನ್ನೆಲುಬು ಜಾಲಿ ಮರ. ನೊಗ, ರಂಟಿ, ಕುಂಟಿ, ಬಂಡಿಯ ಗಾಲಿ ಎಲ್ಲಕ್ಕೂ ಜಾಲಿಯೇ ಬೇಕಾಗಿತ್ತು. ಬದುವಿನ ಜಾಲಿ ಬಲಿತ ಮೇಲೆ ಬಡಿಗೇರ ಬಂದು ಸುತ್ತ ನೋಡಿ, ‘ಇದರಾಗ ಎರಡು ನೊಗ ಬರತಾವ್ರೀ’ ಅಂತ ನಿಂತಲ್ಲೇ ಹೇಳುತ್ತಿದ್ದ. ಕಡಿದ ದಿಂಡನ್ನು ಕೂಡಲೇ ಕೆಲಸಕ್ಕೆ ತೊಗೋತಿರಲಿಲ್ಲ. ಹಳ್ಳದ ನೀರಿನಲ್ಲೋ ಕೆಸರಿನಲ್ಲೋ ತಿಂಗಳುಗಟ್ಟಲೆ ಮುಳುಗಿಸಿ ಇಡುತ್ತಿದ್ದರು, ಹುಳ ಹತ್ತಬಾರದೆಂದು. ಕಂಬಾರ ಕಬ್ಬಿಣದ ಹಳಿ ಕಾಸಿ ಗಾಲಿಗೆ ತೊಡಿಸಿ ನೀರು ಹೊಡೆದರೆ ಮುಂದೆ ವರ್ಷಾನುಗಟ್ಟಲೆ ಅಲುಗಾಡುತ್ತಿರಲಿಲ್ಲ. ಇಬ್ಬರಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು.

ಆಗಿನ ಹತಾರ ಎರಡೇ, ಕೊಡ್ಲಿ ಮತ್ತು ಗರಗಸ. ಮರ ಬೀಳಬೇಕಾದ ಕಡೆ ಮೊದಲು ಕೊಡ್ಲಿಯಿಂದ ಕಚ್ಚು ಹಾಕುವುದು, ಆಮೇಲೆ ಹಿಂದಿನಿಂದ ಕೊಯ್ಯುವುದು, ಗರಗಸ ಸಿಕ್ಕಿಬೀಳದಂತೆ ಬೆಣೆ ಬಡಿಯುವುದು. ಈ ಕ್ರಮ ಇಂದಿಗೂ ಬದಲಾಗಿಲ್ಲ, ಮಷಿನ್ ಹಿಡಿದವನೂ ಇದನ್ನೇ ಮಾಡಬೇಕು. ಹಲಗೆ ಕೊಯ್ಯುವುದು ಇನ್ನೂ ದೊಡ್ಡ ಕೆಲಸ. ದಿಂಡನ್ನು ಎತ್ತರಕ್ಕೆ ಏರಿಸಿ, ಬಣ್ಣದಲ್ಲಿ ಅದ್ದಿದ ನೂಲು ಹೊಡೆದು ಗೆರೆ ಮಾಡಿ, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಎಳೆಯುತ್ತಿದ್ದರು. ಗೆರೆ ಕಾಯುವುದು ಮೇಲಿನವನ ಕೆಲಸ, ಕಣ್ಣಿಗೆ ಹೊಟ್ಟು ಬೀಳಿಸಿಕೊಳ್ಳುವುದು ಕೆಳಗಿನವನ ಪಾಲು!

ಮನಿ ತೊಲಿ, ಬಾಗಿಲಕ್ಕೆ ಬೇಕಾದ ಸಾಗವಾನಿ, ಮತ್ತಿ ಮಾತ್ರ ಹೊರಗಿನಿಂದ ಬರಬೇಕು. ದಾಂಡೇಲಿ ಅಡವಿಯಲ್ಲಿ ಆನೆಗಳು ದಿಂಡು ಎಳೆಯುತ್ತಿದ್ದವು. ಅಳ್ನಾವರ-ದಾಂಡೇಲಿ ರೈಲು ಹಾದಿ ಮುಖ್ಯವಾಗಿ ಕಟ್ಟಿಗೆ ಸಾಗಿಸಿದ ಹಾದಿ. ಜಮಖಂಡಿಗೆ ರೈಲು ಇರಲಿಲ್ಲ, ಆದ್ದರಿಂದ ಇಲ್ಲಿಗೆ ಬರುವ ಹೊತ್ತಿಗೆ ಸಾಗವಾನಿ ಬಂಗಾರವಾಗುತ್ತಿತ್ತು. ಅದರ ಬೆಲೆ ಏನೆಂಬುದನ್ನು ಬೀಳಗಿ ಕಡೆಯ ಮುಳುಗಡೆ ಊರಿನವರನ್ನು ಕೇಳಬೇಕು. ಆಲಮಟ್ಟಿ ಹಿನ್ನೀರು ಬಂದಾಗ ಗೋಡೆ ಬಿಟ್ಟರು, ಮಣ್ಣು ಬಿಟ್ಟರು. ತೊಲಿ, ಕಂಬ, ಬಾಗಿಲ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದರು. ಅಜ್ಜ ಹಾಕಿಸಿದ ಬಾಗಿಲ ಸಿಮೆಂಟಿನ ಮನೆಗೆ ಕೂತಿದ್ದನ್ನು ನಾವು ನೋಡಿದ್ದೇವೆ.

ಯಂತ್ರಗಳ ಕಥೆ ಹೊರದೇಶದ್ದು. ದುಂಡು ಗರಗಸಕ್ಕೆ ಇಂಗ್ಲೆಂಡಿನಲ್ಲಿ 1777ರಲ್ಲೇ ಪೇಟೆಂಟ್ ಆಗಿತ್ತು. ನಮ್ಮ ಪೇಟೆಗಳ ಸಾಮಿಲ್ಲುಗಳಲ್ಲಿ ಕರಂಟಿನ ಮೇಲೆ ತಿರುಗುವುದು ಅದರ ವಂಶವೇ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಕರಂಟಿನ ಚೈನ್ ಸಾ ಮಾಡಿದ, 1929ರಲ್ಲಿ ಪೆಟ್ರೋಲಿನದು. ಅವನ್ನು ಇಬ್ಬರು ಹಿಡಿಯಬೇಕಾಗಿತ್ತು. ಚೈನಿನ ಹಲ್ಲು ಬೇಗ ಮೊಂಡಾಗುತ್ತಿದ್ದವು. ಅಮೇರಿಕೆಯ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಒಂದು ದಿನ ಕೊರಡಿನಲ್ಲಿ ಹುಳ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೊರೆಯುವುದನ್ನು ಕಂಡ. ಹುಳದ ದವಡೆಯ ಹಾಗೆ ಚೈನಿನ ಹಲ್ಲು ಮಾಡಿ 1947ರಲ್ಲಿ ವ್ಯಾಪಾರಕ್ಕಿಳಿದ. ನಮ್ಮವರು ಹುಳ ಹತ್ತಬಾರದೆಂದು ಜಾಲಿ ಮುಳುಗಿಸಿದರು, ಅವನು ಹುಳದಿಂದಲೇ ಪಾಠ ಕಲಿತ!

ಈಗ ಅರ್ಜಿಯ ವಿಷಯಕ್ಕೆ ಬರೋಣ. ಕೊಡ್ಲಿಗೆ ಅರ್ಧ ದಿನ ಹಿಡಿಯುತ್ತಿದ್ದ ಜಾಲಿ ಮಷಿನಿಗೆ ಕೆಲವೇ ನಿಮಿಷದ ಮಾತು. ಹಿಂದೆ ಮರ ಕಡಿಯುವ ಮುಂಚೆ ಯೋಚನೆ ಮಾಡಲು ಹತಾರವೇ ಹೊತ್ತು ಕೊಡುತ್ತಿತ್ತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಬ್ಯಾರೇಜು ಕಟ್ಟಿಕೊಂಡ ಮೇಲೆ ನೀರು ಬಂತು, ಕಬ್ಬು ಬಂತು. ಸಾಲಿನ ಮೇಲೆ ನೆರಳು ಬೀಳತೈತೆಂದು ಬದುವಿನ ಜಾಲಿ, ಬೇವು ಹೋದವು. ಕಬ್ಬಿಣದ ನೇಗಿಲು, ಟಾಯರ್ ಬಂಡಿ ಬಂದ ಮೇಲೆ ಬಡಿಗೇರರಿಗೂ ಕೆಲಸ ಕಡಿಮೆಯಾಯಿತು. ಇದೆಲ್ಲ ಮಷಿನಿನ ತಪ್ಪಲ್ಲ, ಅದಕ್ಕೂ ಮೊದಲೇ ಆದದ್ದು. ಆದರೆ ಉಳಿದ ಮರಗಳು ಎಣಿಸುವಷ್ಟೇ ಇವೆ.

ಇನ್ನೊಂದು ಕಡೆಯೂ ಐತಿ. ಗಾಳಿಗೆ ಮರ ಹಾದಿಗೆ ಬಿದ್ದಾಗ, ಬಳ್ಳಾರಿ ಜಾಲಿ ಹೊಲಕ್ಕೆ ನುಗ್ಗಿದಾಗ ಕೊಡ್ಲಿ ಹಿಡಿಯುವ ಆಳು ಎಲ್ಲಿ ಸಿಗತಾರ? ಹೀಗಾಗಿ ಮಷಿನ್ ಬೇಡ ಅನ್ನಲು ನಮಗೆ ಮನಸ್ಸಿಲ್ಲ. ನಮ್ಮ ಅಂಜಿಕೆ ಹಿಡಿಯುವವನ ಬಗ್ಗೆ. ಪಟ್ಟಿಯ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಮಷಿನ್ ಸರಕ್ಕನೆ ಮುಖದ ಕಡೆಗೆ ಪುಟಿಯುತ್ತದೆ. ಚೈನ್ ಬ್ರೇಕ್ ಇರುವುದು ಅದಕ್ಕೇ. ಲುಂಗಿ ಉಟ್ಟು, ಚಪ್ಪಲಿ ಮೆಟ್ಟಿ, ಮರದ ಮೇಲೆ ನಿಂತು ಒಂದೇ ಕೈಯಲ್ಲಿ ಕೊಯ್ಯುವುದನ್ನು ಕಂಡರೆ ಎದೆ ಝಲ್ ಅನ್ನತೈತಿ.

ಕಾನೂನೂ ಐತಿ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಹೊಲದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಕೊಡ್ಲಿ ತಡೆದರು. ಅಲ್ಲಿ ಅಡವಿ ಇತ್ತು, ಅಪ್ಪಿಕೊಳ್ಳಲು ಮರ ಇದ್ದವು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಸಂಘ ಸದ್ಯಕ್ಕೆ ಒಂದೇ ಮಷಿನ್ ಕೊಳ್ಳಲಿ. ಶಿರಸ್ತ್ರಾಣ, ಕನ್ನಡಕ, ಗಟ್ಟಿ ಬೂಟು ಅದರ ಜೊತೆಗೇ ಬರಲಿ. ಕಲಿತ ಇಬ್ಬರ ಕೈಗೆ ಮಾತ್ರ ಅದು ಹೋಗಲಿ. ನಿಂತ ಮರವಾದರೆ ಅನುಮತಿ ಪತ್ರ ನೋಡದೆ ರಸೀದಿ ಹರಿಯಬಾರದು. ಬಾಡಿಗೆಯಲ್ಲಿ ಒಂದು ಪಾಲು ಬೇವಿನ ಸಸಿಗೆ ತೆಗೆದಿಡಲಿ. ವಿಷಯ ಬರುವ ವಾರ್ಷಿಕ ಸಭೆಗೆ ಬರಲಿದೆ. ಬಡಿಗೇರ ಬಂಧುಗಳು ಅಂದು ತಪ್ಪದೆ ಬಂದು ಮಾತಾಡಬೇಕು, ಅವರನ್ನು ಕೇಳದೆ ಠರಾವು ಮಾಡುವುದು ಬೇಡ.